ಗುಂಡಿ ದೊಡ್ಡಮ್ಮ ಆರಿಸಿದ ಮಷೀನು

"ಅಮ್ಮಾ, ಗುಂಡಿ ದೊಡ್ಡಮ್ಮಂಗೆ ಅವರ ಅಂಗಡೀನೇ ಮರೆತುಹೋಯ್ತಾ?"

ಮೆಟ್ಟಿಲು ಹತ್ತುತ್ತಾ ಮಗಳು ಕೇಳಿದಳು. ಅವಳ ಒಂದು ಕೈ ನನ್ನ ಚೀಲದ ಹಿಡಿಯಲ್ಲಿತ್ತು, ಇನ್ನೊಂದರಲ್ಲಿ ಆಗಷ್ಟೇ ಕೊಂಡ ಎಲಾಸ್ಟಿಕ್ಕಿನ ಸುರುಳಿ.

"ಯಾಕೆ ಹಾಗಂತೀಯ?"

"ಮತ್ತೆ, ಜಿಪ್ಪು ವಾಪಸ್ ತಗೊಳೋಕೂ ಫೋನ್ ಮಾಡಿ ಕೇಳಿದ್ರಲ್ಲ. ಮುಂಚೆ ಯಾರನ್ನೂ ಕೇಳ್ತಿರಲಿಲ್ಲ. ಚೆನ್ನಾಗಿ ಬೈದು ತಗೋತಿದ್ರು."

"ಮರೆತಿಲ್ಲ ಪುಟ್ಟೀ. ಅವರು ಯಾರು ಅಂತ ಆ ಮಷೀನಿಗೆ ಗೊತ್ತಿಲ್ಲ" ಎಂದೆ. "ಹಾಗಾದ್ರೆ ಯಾರಾದ್ರೂ ಹೇಳ್ಬೇಕಪ್ಪ" ಎಂದು ಅವಳು ಚಪ್ಪಲಿ ಕಳಚಿ ಒಳಗೋಡಿದಳು. ಹಾಲು, ಜ್ವರ, ಶಾಲೆಯ ಸುದ್ದಿ ಇಷ್ಟೇ ಇರುವ ನನ್ನ ದಿನಚರಿಯಲ್ಲಿ ಈ ಹೆಂಗಸಿನ ಬಗ್ಗೆ ಇಷ್ಟುದ್ದ ಬರೆಯುತ್ತಿರುವುದು ಆ ಮಾತಿನಿಂದಲೇ.

ನಮ್ಮ ಮನೆ ಎರಡನೆಯ ಮಹಡಿಯಲ್ಲಿ. ಕೆಳಗೆ, ಮೆಟ್ಟಿಲಿಗೆ ಒತ್ತಿಕೊಂಡೇ ಗುಂಡಿ ಅಂಗಡಿ. ಅಲ್ಲಿ ಕೂರುವವರನ್ನು ಬೀದಿಯವರೆಲ್ಲ ಗುಂಡಿ ದೊಡ್ಡಮ್ಮ ಎಂದೇ ಕರೆಯುವುದು. ಅಗಲ ಕಡಿಮೆ, ಆಳ ಜಾಸ್ತಿ. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಎರಡೂ ಗೋಡೆಗೆ ನೆಲದಿಂದ ಸೂರಿನವರೆಗೆ ಪುಟ್ಟ ಪುಟ್ಟ ಡ್ರಾಯರುಗಳು. ಯಾವುದರ ಮೇಲೂ ಅಕ್ಷರವಿಲ್ಲ. ಒಳಗಿರುವ ಗುಂಡಿಯಲ್ಲೊಂದನ್ನು ತಂತಿಯಲ್ಲಿ ಹೊರಗೆ ಕಟ್ಟಿದೆ, ಅದೇ ಗುರುತು. ಹಿಂದಿನ ಕೋಣೆಯಲ್ಲಿ ಲೈನಿಂಗ್ ಬಟ್ಟೆ, ಲೇಸು, ಜಿಪ್ಪಿನ ಕಟ್ಟುಗಳು. ಅಲ್ಲಿ ಹಗಲಲ್ಲೂ ದೀಪ ಬೇಕು. ಆದರೆ ದೊಡ್ಡಮ್ಮ ದೀಪದ ಬೆಳಕಲ್ಲಿ ಎಂದೂ ಬಣ್ಣ ಹೊಂದಿಸಿದವರಲ್ಲ. ಗಿರಾಕಿ ತಂದ ಬಟ್ಟೆಯ ತುಂಡನ್ನೂ ದಾರದ ರೀಲನ್ನೂ ಹಿಡಿದು ಬಾಗಿಲಾಚೆ ಬೀದಿಗೇ ಹೋಗಿ ನಿಲ್ಲುತ್ತಿದ್ದರು.

"ಇದನ್ನ ನೀಲಿ ಅಂತೀಯಲ್ಲ, ನಿನ್ನ ಕಣ್ಣನ್ನ ಸೋಪು ಹಾಕಿ ತೊಳ್ಕೋ ಮೊದಲು" ಎಂದು ಗಿರಾಕಿಗೇ ಗದರುತ್ತಿದ್ದರು. ಗದರಿಸಿಕೊಂಡವರು ಮರುವಾರ ಮತ್ತೆ ಬರುತ್ತಿದ್ದರು. ಕೊರಳಲ್ಲಿ ಸದಾ ಅಳತೆಯ ಟೇಪು, ಬಾಯಲ್ಲಿ ಒಂದು ಗುಂಡುಸೂಜಿ. ಸೂಜಿ ಬಾಯಲ್ಲಿಟ್ಟುಕೊಂಡೇ ಅಷ್ಟು ಮಾತಾಡುವುದು ಹೇಗೆ ಎಂದು ನನ್ನ ಮಗಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಅವಳು ಹೋದಾಗೆಲ್ಲ ಜೋಡಿ ತಪ್ಪಿದ ಗುಂಡಿಯೊಂದು ಅವಳ ಅಂಗೈಗೆ ಬೀಳುತ್ತಿತ್ತು.

ಬಾಗಿಲ ಮೇಲಿನ ಬೋರ್ಡಿನಲ್ಲಿ ಅವರ ತಂದೆಯ ಹೆಸರಿದೆ, ಪಕ್ಕದಲ್ಲಿ 'ಮತ್ತು ಮಗ' ಎಂದು ಬರೆದಿದೆ. ಮಗ ಇನ್ನೂ ತೊಟ್ಟಿಲಲ್ಲಿದ್ದಾಗ ಬರೆಸಿದ ಬೋರ್ಡು ಅದು. ಮಗಳು, ಅಂದರೆ ಈ ದೊಡ್ಡಮ್ಮ, ಆ ಹೊತ್ತಿಗಾಗಲೇ ಶಾಲೆಯಿಂದ ನೇರ ಅಂಗಡಿಗೆ ಬಂದು ಗುಂಡಿ ವಿಂಗಡಿಸುತ್ತಿದ್ದಳು. ತಂದೆ ಲಕ್ವ ಹೊಡೆದು ಮಲಗಿದ ಮೇಲೆ ಕೌಂಟರಿಗೆ ಅವಳೇ ಬಂದಳು. ಮದುವೆಯ ಮಾತು ಬಂದಾಗೆಲ್ಲ ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎನ್ನುವ ಮಾತೂ ಜೊತೆಗೇ ಬಂತು. ಕೊನೆಗೆ ಮೊದಲನೆಯ ಮಾತು ಬರುವುದು ನಿಂತಿತು. ತಮ್ಮ ಓದಿದರು, ಆಫೀಸಿಗೆ ಸೇರಿದರು, ಸಂಸಾರ ಮಾಡಿಕೊಂಡರು. ಕೆಟ್ಟವರಲ್ಲ. ಅಕ್ಕನ ಕಣ್ಣಿನ ಔಷಧಿ ತಂದುಕೊಡುವವರು, ಏರು ದನಿಯಲ್ಲಿ ಮಾತಾಡದವರು. ಅಂಗಡಿಗೆ ಬರುತ್ತಿದ್ದದ್ದು ಮಾತ್ರ ಸಹಿ ಹಾಕುವುದಿದ್ದಾಗ.

ಏಕೆಂದರೆ ಆ ಮನೆಯಲ್ಲಿ ಒಂದು ಪದ್ಧತಿ. ದೊಡ್ಡಮ್ಮ ಅದನ್ನು ನಗುತ್ತಲೇ ಹೇಳುತ್ತಿದ್ದರು: "ಕಾಗದಕ್ಕೆ ಅವನು, ಕೆಲಸಕ್ಕೆ ನಾನು." ಬಾಡಿಗೆ ಕರಾರು, ಕರೆಂಟು, ಲೈಸೆನ್ಸು, ಬ್ಯಾಂಕು, ತೆರಿಗೆ ಎಲ್ಲವೂ ತಮ್ಮನ ಹೆಸರಲ್ಲಿ. "ಅಷ್ಟೆಲ್ಲ ಆಫೀಸು ಸುತ್ತೋಕೆ, ಸಹಿ ಹಾಕೋಕೆ ನನಗೆಲ್ಲಿ ಪುರುಸೊತ್ತು? ಗಿರಾಕಿ ನಿಂತಿರ್ತಾರೆ." ಕಾಗದಗಳೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿದ್ದವು. ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಬಿಲ್ಲಿಂಗ್ ಮಷೀನಿನ ಮಾತು ಎತ್ತಿದ್ದು ದೊಡ್ಡಮ್ಮನೇ. ಕಣ್ಣು ಮಂಜಾಗುತ್ತಿತ್ತು, ತಾವೇ ಬರೆದ ಬಿಲ್ಲು ತಮಗೇ ಓದಲಾಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಹಾಯಕ್ಕಿಟ್ಟುಕೊಂಡಿದ್ದ ಒಬ್ಬ ಹುಡುಗಿ ಲೇಸಿನ ಸುರುಳಿಗಳನ್ನು ಗೆಳತಿಯರಿಗೆ ಅರ್ಧ ಬೆಲೆಗೆ ಸಾಗಿಸುತ್ತಿದ್ದದ್ದು ಅವರಿಗೆ ತಡವಾಗಿ ತಿಳಿದಿತ್ತು. ಹೋದ ಲೇಸಿಗಿಂತ, ತಮ್ಮ ಮೂಗಿನಡಿಯಲ್ಲೇ ಹೋಯಿತಲ್ಲ ಎನ್ನುವುದು ಅವರಿಗೆ ಚುಚ್ಚಿತ್ತು.

"ಮಗು ಹುಟ್ಟೋ ಮುಂಚೆ ನೀನು ಬಟ್ಟೆ ಅಂಗಡಿಯ ಬಿಲ್ಲಿಂಗಲ್ಲಿ ಕೂತಿದ್ದೆ ತಾನೆ?" ಎಂದು ಒಂದು ಮಧ್ಯಾಹ್ನ ನನ್ನನ್ನು ಹಿಡಿದು ನಿಲ್ಲಿಸಿದರು. "ನನಗೂ ಒಂದು ಮಷೀನು ಬೇಕು. ನೀನು ಪಕ್ಕದಲ್ಲಿರು. ಯಾರೂ ನನಗೆ ಟೋಪಿ ಹಾಕಬಾರದು."

"ಮೊದಲು ಮಷೀನು ನೋಡಬೇಡಿ ದೊಡ್ಡಮ್ಮಾ. ನಿಮ್ಮ ಅಂಗಡೀಲಿ ಏನೇನು ನಡೆಯುತ್ತೆ ಅದನ್ನ ನೋಡೋಣ" ಎಂದೆ.

ನಾವಿಬ್ಬರೂ ಸ್ಟೂಲು ಹಾಕಿಕೊಂಡು ಕೂತು ನೋಡಿದೆವು. ಒಬ್ಬರು ಅರ್ಧ ಮೀಟರ್ ಎಲಾಸ್ಟಿಕ್ ಕೇಳುತ್ತಾರೆ. ಒಬ್ಬರು ಕೋಟಿಗೆ ದೊಡ್ಡ ಗುಂಡಿ ಮೂರು, ತೋಳಿಗೆ ಅದೇ ಜಾತಿಯ ಸಣ್ಣವು ಆರು. ಇನ್ನೊಬ್ಬರಿಗೆ ಗುಂಡಿ ಹೊಲಿದ ಇಡೀ ರಟ್ಟಿನ ಪಟ್ಟಿಯಲ್ಲಿ ಒಂದೇ ಒಂದು ಬೇಕು. ಟೈಲರುಗಳು ಜಿಪ್ಪು ಒಯ್ದು, ಉದ್ದ ಹೆಚ್ಚಾಯಿತೆಂದು ವಾಪಸ್ ತರುತ್ತಾರೆ. ಅವರಿಗೆ ಬೆಲೆಯಲ್ಲಿ ಒಂದಿಷ್ಟು ಬಿಟ್ಟುಕೊಡುವುದು ತಂದೆಯ ಕಾಲದ ರೂಢಿ. ಇದನ್ನೆಲ್ಲ ಮಾಡಲಾಗದ ಮಷೀನು ಎಷ್ಟು ಹೊಳೆದರೂ ನಮಗೆ ಬೇಡ ಎಂದು ಮಾತಾಯಿತು. ನೆಟ್‌ವರ್ಕ್ ಹೋದರೆ ಬಿಲ್ಲು ಬರುತ್ತದೆಯೇ, ಕರೆಂಟು ಹೋದರೆ ಎಷ್ಟು ಹೊತ್ತು ನಡೆಯುತ್ತದೆ, ವರ್ಷ ವರ್ಷ ಏನು ಕಟ್ಟಬೇಕು, ಕೆಟ್ಟರೆ ಯಾರು ಬರುತ್ತಾರೆ, ನಾಳೆ ಕಂಪನಿಯೇ ಮುಚ್ಚಿಹೋದರೆ ನಮ್ಮ ಲೆಕ್ಕ ನಮಗೆ ಸಿಗುತ್ತದೆಯೇ ಎಂದೆಲ್ಲ ಕೇಳಬೇಕೆಂದು ನಾನು ಅವರಿಗೆ ಬಾಯಿಪಾಠ ಮಾಡಿಸಿದೆ.

ಮಷೀನು ಮಾರಲು ಮೊದಲು ಬಂದವರು ಟೈ ಕಟ್ಟಿದ್ದರು. ಅವರ ಮಷೀನಿನ ಪರದೆ ಕೌಂಟರಿಗಿಂತ ದೊಡ್ಡದಿತ್ತು. "ಪ್ರತಿ ವಸ್ತುವಿಗೂ ಬಾರ್‌ಕೋಡ್ ಅಂಟಿಸಿದರೆ ಆಯಿತು ಮೇಡಂ" ಎಂದರು. ದೊಡ್ಡಮ್ಮ ಮಗುವಿನ ಅಂಗಿಗೆ ಹಾಕುವ ಕಾಳಿನಷ್ಟು ಗುಂಡಿಯೊಂದನ್ನು ಅವರ ಅಂಗೈಯಲ್ಲಿಟ್ಟು, "ಅಂಟಿಸಿ ನೋಡೋಣ" ಎಂದರು.

"ಗುಂಡಿಗಲ್ಲ ಮೇಡಂ, ಡ್ರಾಯರಿಗೆ ಅಂಟಿಸೋದು."

ಉತ್ತರ ಸರಿಯಾಗೇ ಇತ್ತು. ದೊಡ್ಡಮ್ಮನಿಗೆ ಅವರ ಟೈ ಹಿಡಿಸಲಿಲ್ಲ, ಅಷ್ಟೆ. ಆದರೆ ನಾನು ವರ್ಷದ ಶುಲ್ಕ ಕೇಳಿದ ಮೇಲೆ, ಪ್ರತಿ ವರದಿಗೂ ಬೇರೆ ದರ ಎಂದು ತಿಳಿದ ಮೇಲೆ, ಅವರನ್ನು ಬೀಳ್ಕೊಡಲು ಟೈಯ ನೆಪ ಬೇಕಾಗಲಿಲ್ಲ.

ಎರಡನೆಯವರದು ಬರೀ ಫೋನಿನ ಆ್ಯಪು. ಅಗ್ಗ. ದೊಡ್ಡಮ್ಮ ಆಗಲೇ "ಆಯ್ತಪ್ಪ" ಎನ್ನುವುದರಲ್ಲಿದ್ದರು. ನಾನು ಆ ಫೋನನ್ನು ನೆಟ್‌ವರ್ಕ್ ಸಿಗದ ಹಿಂದಿನ ಕೋಣೆಗೆ ಒಯ್ದು ಒಂದು ಜಿಪ್ಪಿನ ಬಿಲ್ಲು ಹಾಕಿ ಎಂದೆ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗುತ್ತಲೇ ಇತ್ತು.

"ಪಾಪ, ಇದಕ್ಕೆ ತಲೆ ಸುತ್ತು ಬಂದಿದೆ. ನೀರು ಚಿಮುಕಿಸಿ" ಎಂದರು ದೊಡ್ಡಮ್ಮ. ಆ ಮನುಷ್ಯನಿಗೂ ನಗು ಬಂತು.

ಮೂರನೆಯವರು ಒಬ್ಬ ಹೆಂಗಸು. ಕೂತು, ನೀರು ಕುಡಿದು, ಮೊದಲು ಅಂಗಡಿಯನ್ನೆಲ್ಲ ನೋಡಿದರು. ಅವರ ಮಷೀನು ಚಿಕ್ಕದು. ಅಕ್ಷರದ ಬದಲು ಚಿತ್ರ. ಗುಂಡಿಯ ಚಿತ್ರ ಮುಟ್ಟಿದರೆ ಬಿಡಿಯೋ, ಪಟ್ಟಿಯೋ, ಡಬ್ಬಿಯೋ ಎಂದು ಕೇಳುತ್ತದೆ. ಲೇಸಿಗೆ ಅರ್ಧ, ಕಾಲು ಮೀಟರ್ ಹಾಕಬಹುದು. ನೆಟ್‌ವರ್ಕ್ ಇಲ್ಲದಿದ್ದರೂ ಬಿಲ್ಲು ಬರುತ್ತದೆ, ಆಮೇಲೆ ನೆಟ್‌ವರ್ಕ್ ಬಂದಾಗ ಲೆಕ್ಕವನ್ನು ತಾನೇ ಕಳಿಸುತ್ತದೆ. ಕೊನೆಯಲ್ಲಿ ಅವರು ಹೇಳಿದರು: "ಇನ್ನೊಂದಿದೆ. ಬೀಗ. ಕೌಂಟರಲ್ಲಿ ಕೂತ ಸಿಬ್ಬಂದಿ ಬೆಲೆ ಇಳಿಸೋ ಹಾಗಿಲ್ಲ, ಸಾಮಾನು ವಾಪಸ್ ತಗೊಳೋ ಹಾಗಿಲ್ಲ, ಬಿಲ್ಲು ಅಳಿಸೋ ಹಾಗಿಲ್ಲ. ಹಾಗೇನಾದ್ರೂ ಮಾಡಬೇಕಂದ್ರೆ ಮಾಲೀಕರ ಫೋನಿಗೆ ಒಂದು ನಂಬರು ಹೋಗುತ್ತೆ. ಅವರು ಹೇಳಿದ್ರೆ ಮಾತ್ರ ಬೀಗ ತೆಗೆಯೋದು."

ದೊಡ್ಡಮ್ಮ ಬಾಯಿಂದ ಗುಂಡುಸೂಜಿ ತೆಗೆದರು. "ಎಲ್ಲಿ, ಇನ್ನೊಂದ್ಸಲ ಹೇಳಿ."

ತಾವೇ ಸಿಬ್ಬಂದಿಯಂತೆ ಕೂತು ಬೆಲೆ ಇಳಿಸಲು ನೋಡಿದರು. ಮಷೀನು ಟುಂಯ್ ಎಂದು ಕೂಗಿ 'ಮಾಲೀಕರ ಅನುಮತಿ ಬೇಕು' ಎಂದು ಕೆಂಪು ಅಕ್ಷರದಲ್ಲಿ ತೋರಿಸಿತು. ಮತ್ತೊಮ್ಮೆ ಒತ್ತಿದರು. ಮತ್ತೊಮ್ಮೆ ಕೂಗಿತು. ನನ್ನ ಮಗಳು ಚಪ್ಪಾಳೆ ತಟ್ಟಿದಳು. "ಅಬ್ಬಬ್ಬಾ, ಇದು ನಮ್ಮಪ್ಪಂಗಿಂತ ಬಿಗಿ!" ಎಂದು ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇದೇ ಬೇಕು ನನಗೆ. ಇದೊಂದು ಇದ್ದಿದ್ರೆ ಆ ಲೇಸಿನ ಹುಡುಗಿ ನನ್ನ ಮುಂದೆ ಬಾಲ ಬಿಚ್ಚುತ್ತಿದ್ದಳಾ?"

ನನ್ನನ್ನು ಇಂದು ಕೇಳಿದರೂ ಆ ಆಯ್ಕೆ ಸರಿ ಎಂದೇ ಹೇಳುತ್ತೇನೆ. ಅಂಗಡಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು.

ಮಷೀನು ಕೂರಿಸಿದ ದಿನ ಮಗಳಿಗೆ ಜ್ವರ. ಅವಳ ಹಣೆಗೆ ಒದ್ದೆ ಬಟ್ಟೆ ಇಡುತ್ತಾ ನಾನು ಮೇಲೆಯೇ ಇದ್ದೆ. ಕೆಳಗೆ ನಡೆದದ್ದನ್ನು ದೊಡ್ಡಮ್ಮನೇ ಆಮೇಲೆ ಹೇಳಿದರು. ಕೂರಿಸಲು ಬಂದವನು ಮೊದಲು ಕೇಳಿದ್ದು, "ಮಾಲೀಕರ ಹೆಸರು, ಮೊಬೈಲ್ ನಂಬರ್?" ಜೀವಮಾನವಿಡೀ ಇಂಥ ಪ್ರಶ್ನೆಗೆ ಅವರ ಬಾಯಲ್ಲಿ ಒಂದೇ ಉತ್ತರ ಬಂದಿರುವುದು. ತಮ್ಮನ ಹೆಸರು ಹೇಳಿದರು, ತಮ್ಮನ ನಂಬರು ಕೊಟ್ಟರು. "ನೀವು?" ಎಂದನಂತೆ. "ನಾನು ಇಲ್ಲಿ ಕೂತ್ಕೊಳ್ಳೋಳು" ಎಂದರಂತೆ. ಅವನು 'ಸಿಬ್ಬಂದಿ ಒಂದು' ಎಂದು ಬರೆದುಕೊಂಡ.

"ಒಂದು ಅಂದ್ರೆ ಮೊದಲನೇದು ತಾನೆ?" ಎಂದು ಅವತ್ತು ದೊಡ್ಡಮ್ಮ ಹಿಗ್ಗಿನಿಂದಲೇ ನನಗೆ ತೋರಿಸಿದ್ದರು. ಬಿಲ್ಲಿನ ಕೆಳಗೆ ಸಣ್ಣದಾಗಿ ಅಚ್ಚಾಗಿತ್ತು. ಇದನ್ನು ಬದಲಾಯಿಸಬೇಕು ದೊಡ್ಡಮ್ಮಾ ಎಂದು ನಾನು ಅಲ್ಲೇ ಹೇಳಿದೆ. "ಅಯ್ಯೋ, ಕಾಗದಕ್ಕೆ ತಾನೆ. ಇರ್ಲಿ ಬಿಡು" ಎಂದರು. ಅವರು ಮರೆತದ್ದು ಇಷ್ಟೇ: ಪೆಟ್ಟಿಗೆಯಲ್ಲಿದ್ದ ಕಾಗದ ಅವರ ಕೈ ಹಿಡಿದು ನಿಲ್ಲಿಸುತ್ತಿರಲಿಲ್ಲ. ಇದು ನಿಲ್ಲಿಸುತ್ತಿತ್ತು.

ಮೊದಮೊದಲು ತಮ್ಮನಿಗೆ ಅದೊಂದು ಕಿರಿಕಿರಿ. "ಗುಂಡಿ ಮಾರೋಕೂ ನನ್ನ ನಿದ್ದೆ ಕೆಡಿಸ್ಬೇಕಾ ಅಕ್ಕಾ?" ಎಂದು ಗೊಣಗುತ್ತಾ ಫೋನಿಗೆ ಬಂದ ನಂಬರು ಓದಿ ಹೇಳುತ್ತಿದ್ದರು. ಆಮೇಲೆ ಗೊಣಗುವುದು ನಿಂತಿತು. ಮಷೀನು ದಿನವೂ ಅವರ ಫೋನಿಗೆ ಎಲ್ಲವನ್ನೂ ಕಳಿಸುತ್ತಿತ್ತು: ಎಷ್ಟು ಹೋಯಿತು, ಯಾವುದು ಹೋಯಿತು, ಮೊದಲ ಬಿಲ್ಲು ಯಾವಾಗ. ಲೇಸಿಗೂ ಅಂಚಿಗೆ ಹೊಲಿಯುವ ಪೈಪಿಂಗಿಗೂ ವ್ಯತ್ಯಾಸ ತಿಳಿಯದ ಮನುಷ್ಯನಿಗೆ ಅದನ್ನು ನೋಡುವುದೇ ಒಂದು ಚಟವಾಯಿತು.

"ಇವತ್ತು ಅಂಗಡಿ ತಡವಾಗಿ ತೆಗ್ದಂಗಿದೆ?" ಎಂದು ಒಂದು ದಿನ ಫೋನು. ದೊಡ್ಡಮ್ಮ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದಿದ್ದರು. ಯಾರಿಗಾದರೂ ಹೇಳಿ ಹೋಗುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ. "ಗೇಟಲ್ಲಿ ಚೀಟಿ ಬರೆಸ್ಕೊಂಡು ಬರ್ಲಾ ನಾಳೆಯಿಂದ?" ಎಂದು ಕೊಂಕು ನುಡಿದರು. ಆ ಕಡೆಯಿಂದ ನಗು ಕೇಳಿಸಿತು. "ಹಾಗಲ್ಲ ಅಕ್ಕ, ಸುಮ್ನೆ ಕೇಳ್ದೆ."

ಇನ್ನು ಮಗಳು ನೋಡಿದ ಆ ದಿನ. ಮೂಲೆಯ ಟೈಲರು ಜಿಪ್ಪಿನ ಕಟ್ಟು ವಾಪಸ್ ತಂದಿದ್ದರು. ದೊಡ್ಡಮ್ಮನ ತಂದೆ ಇದ್ದಾಗಿನಿಂದ ಬರುವವರು. ಮಷೀನು ಕೂಗಿತು. ತಮ್ಮನಿಗೆ ಫೋನು ಮಾಡಿದರೆ ಎತ್ತಲಿಲ್ಲ; ಮೀಟಿಂಗಿನಲ್ಲಿದ್ದಿರಬೇಕು. ಟೈಲರು ಬಾಗಿಲಲ್ಲಿ ನಿಂತರು, ಹಿಂದೆ ನಾವು, ನಮ್ಮ ಹಿಂದೆ ಇನ್ನೊಬ್ಬರು. ದೊಡ್ಡಮ್ಮ ಟೇಪನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಕೊನೆಗೂ ಫೋನು ಬಂತು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು: "ಬಿಲ್ ಇದೆಯಾ ಕೇಳು. ಇಲ್ಲಾಂದ್ರೆ ಆಗಲ್ಲ ಅನ್ನು. ಹೀಗೇ ಬಿಟ್ಟರೆ ಎಲ್ಲರೂ ತಂದು ಸುರೀತಾರೆ."

ಟೈಲರು ಕಟ್ಟನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. "ಇರ್ಲಿ ಅಕ್ಕಾ. ನಿಮ್ಮ ಸಾಹೇಬ್ರಿಗೆ ಯಾಕೆ ತೊಂದ್ರೆ?"

ಕೋಪವಿಲ್ಲದೆ ಹೇಳಿದರು. ಅದೇ ಹೆಚ್ಚು ನೋಯಿಸಿತೇನೋ. ದೊಡ್ಡಮ್ಮ ನನ್ನ ಎಲಾಸ್ಟಿಕ್ಕು ಅಳೆದುಕೊಟ್ಟರು, ಮುಖ ಎತ್ತಲಿಲ್ಲ. ಮಗಳ ಕೈಗೆ ಆ ದಿನ ಏನೂ ಬೀಳಲಿಲ್ಲ.

ಮರುದಿನ ನಾನು ಮಷೀನಿನ ಕಂಪನಿಗೆ ಫೋನು ಮಾಡಿದೆ. ಇನ್ನೊಬ್ಬ ಮಾಲೀಕರನ್ನು ಸೇರಿಸುವುದು ಸುಲಭ, ಆದರೆ ಈಗಿರುವ ಮಾಲೀಕರು ತಮ್ಮ ಫೋನಿನಲ್ಲೇ ಒತ್ತಬೇಕು ಎಂದರು. ಒತ್ತಿದರೆ ಮುಗಿಯಿತು. ರಜೆಯ ದಿನ ತಮ್ಮ ಬಂದರು. ದೊಡ್ಡಮ್ಮ ನನ್ನನ್ನೂ ಕೆಳಗೆ ಕರೆದರು, "ನನಗೆ ಅದರ ಭಾಷೆ ಬರಲ್ಲ, ನೀನೇ ಹೇಳು" ಎಂದು. ನಾನು ಹೇಳಿದೆ. ಅವರು ಗಮನವಿಟ್ಟು ಕೇಳಿ, ಫೋನು ತೆಗೆದು, ನಾನು ಹೇಳಿದ ಜಾಗವನ್ನು ಹುಡುಕಿಯೂ ಹುಡುಕಿದರು.

"ಹೌದು, ಇದೆ. ಒತ್ತಬಹುದು" ಎಂದರು. "ಆದ್ರೆ ಯಾಕೆ ಒತ್ತಬೇಕು ಅಂತ ಗೊತ್ತಾಗಲಿಲ್ಲ."

"ಯಾಕೆ ಅಂದ್ರೆ?" ದೊಡ್ಡಮ್ಮ ಲೇಸು ಅಳೆಯುತ್ತಿದ್ದರು. "ನಾನು ಕೂತಿರೋ ಅಂಗಡಿ ಕಣೋ ಇದು."

"ಕೂತ್ಕೋಬೇಡ ಅಂದೋರು ಯಾರು? ಬೀಗ ಬೇಕು ಅಂತ ಹಟ ಹಿಡಿದು ಈ ಮಷೀನೇ ತಂದೋಳು ನೀನೇ ಅಲ್ವಾ ಅಕ್ಕ?"

"ಕಳ್ಳರಿಗೆ ಅಂತ ಹಾಕ್ಸಿದ್ದು. ನನಗಲ್ಲ."

"ನಿನ್ನನ್ನ ಯಾರು ಕಳ್ಳಿ ಅಂದ್ರು? ನೋಡಿಲ್ಲಿ." ಫೋನನ್ನು ಅವರತ್ತ ತಿರುಗಿಸಿದರು, ಆ ಕಣ್ಣಿಗೆ ಅದು ಕಾಣುವಂತಿರಲಿಲ್ಲ. "ಟೈಲರಿಗೆ ಬೆಲೆ ಬಿಡೋಕೆ ಹೋಗಿದ್ದು, ಯಾವುದೋ ಟೀಚರಿಗೆ ಬಿಡೋಕೆ ಹೋಗಿದ್ದು, ವಾಪಸ್, ಮತ್ತೆ ವಾಪಸ್. ಇಷ್ಟು ವರ್ಷ ಇದೆಲ್ಲ ನನ್ನ ಕಣ್ಣಿಗೇ ಬಿದ್ದಿರಲಿಲ್ಲ."

"ಇಷ್ಟು ವರ್ಷ ನೀನು ಕಣ್ಣು ಈ ಕಡೆ ತಿರುಗಿಸಿದ್ದಾದ್ರೂ ಯಾವಾಗ?"

ಅವರು ಜಗಳಕ್ಕೆ ಬರಲಿಲ್ಲ. ಜಗಳಕ್ಕೆ ಬಂದಿದ್ದರೆ ದೊಡ್ಡಮ್ಮ ಗೆಲ್ಲುತ್ತಿದ್ದರು. "ನಿನಗೂ ವಯಸ್ಸಾಯ್ತು. ಯಾಕೆ ಈ ತಲೆನೋವು?" ಎಂದು ಮೃದುವಾಗಿ ಹೇಳಿದರು. "ಒಂದು ಕೆಲಸ ಮಾಡ್ತೀನಿ. ನಿನಗೆ ತಿಂಗಳು ತಿಂಗಳು ಸಂಬಳ ಅಂತ ಹಾಕ್ತೀನಿ. ಮಷೀನಲ್ಲಿ ಅದಕ್ಕೂ ಜಾಗ ಇದೆ. ಗಲ್ಲಾದಿಂದ ತಗೊಳೋ ರಗಳೆನೇ ಬೇಡ. ಅಚ್ಚುಕಟ್ಟಾಗಿರುತ್ತೆ."

ದೊಡ್ಡಮ್ಮನ ಕೈ ಲೇಸಿನ ಮೇಲೆ ನಿಂತಿತು. ಎಲ್ಲಿಯವರೆಗೆ ಅಳೆದಿದ್ದರೋ ತಪ್ಪಿಹೋಯಿತು. ಸುರುಳಿ ಬಿಚ್ಚಿ ಮತ್ತೆ ಮೊದಲಿನಿಂದ ಅಳೆಯತೊಡಗಿದರು.

"ಸಂಬಳಾನಾ?"

"ಹೂಂ. ಏನೂ ಕಡಿಮೆ ಕೊಡಲ್ಲ."

"ಸರಿ."

ಅಷ್ಟೇ ಹೇಳಿದ್ದು. ಬಣ್ಣ ತಪ್ಪಿದ ಗಿರಾಕಿಗೆ ಬೀದಿಗೆಲ್ಲ ಕೇಳುವ ಹಾಗೆ ಗದರುತ್ತಿದ್ದ ಹೆಂಗಸು.

ನಾನು ಸುಮ್ಮನಿರಲಾರದೆ ಮರುದಿನ ಹೋಗಿ, ತಂದೆಯ ಅಂಗಡಿಯಲ್ಲಿ ನಿಮ್ಮ ಪಾಲಿಲ್ಲವೇ, ವಕೀಲರನ್ನು ಕಾಣೋಣ ಎಂದೆ. ಅವರು ಡ್ರಾಯರಿನ ದೂಳು ಒರೆಸುತ್ತಿದ್ದರು. "ವಕೀಲರು ಮೊದಲು ಕಾಗದ ಎಲ್ಲಿ ಅಂತಾರೆ. ಕಾಗದ ಎಲ್ಲಾ ಅವನ ಹೆಸರಿಗೆ ಮಾಡಿಸಿಟ್ಟಿದ್ದೀನಲ್ಲ, ಒಂದೂ ಬಿಡದ ಹಾಗೆ. ಬೇರೆ ಯಾರೋ ಮಾಡಿದ್ರೆ ಅವರ ಮೇಲಾದ್ರೂ ಕೂಗಾಡ್ತಿದ್ದೆ." ಒರೆಸುವ ಬಟ್ಟೆಯನ್ನು ಕೊಡವಿದರು. "ಅವನೂ ಸುಳ್ಳೇನೂ ಹೇಳಲಿಲ್ಲ ಕಣೇ. ಮಷೀನು ಏನು ತೋರಿಸುತ್ತೋ ಅದನ್ನೇ ಹೇಳ್ದ."

ನಿನ್ನೆ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ದೊಡ್ಡಮ್ಮ. ಅಂಗಡಿಯ ಹೊತ್ತಿನಲ್ಲಿ ಅವರು ನಮ್ಮ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಒಗೆದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದರು. ಚಹಾ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು, ದೊಡ್ಡ ರಸ್ತೆಯಾಚೆ ಹೊಸದಾಗಿ ತೆರೆದಿರುವ ಸಿದ್ಧ ಉಡುಪಿನ ಮಳಿಗೆಗೆ ಹೋಗಿ ಬಂದರಂತೆ. ಬಿಲ್ಲಿಂಗಿಗೆ ಜನ ಬೇಕು ಎಂದು ಬಾಗಿಲಿಗೆ ಅಂಟಿಸಿದ್ದರಂತೆ. ಅಲ್ಲಿರುವುದೂ ಇದೇ ಜಾತಿಯ ಮಷೀನು.

"ಅಲ್ಲೂ ಪ್ರತಿಯೊಂದಕ್ಕೂ ಇನ್ನೊಬ್ಬರನ್ನ ಕೇಳ್ಬೇಕಲ್ಲ ದೊಡ್ಡಮ್ಮಾ?"

"ಕೇಳ್ತೀನಿ. ಅದಕ್ಕೇನು ನಾಚಿಕೆ? ಅದು ಬೇರೆಯವರ ಅಂಗಡಿ."

"ತಮ್ಮನಿಗೆ ಹೇಳಿದ್ರಾ?"

"ಕೆಲಸ ಸಿಕ್ಕಿದ ಮೇಲೆ ಹೇಳ್ತೀನಿ. ಸಂಬಳಕ್ಕೇ ದುಡಿಯೋದಾದ್ರೆ ಸಂಬಳ ಕೊಡೋರು ನನ್ನ ಕೈಯಲ್ಲಿ ಆಡಿ ಬೆಳೆದವನಾಗಿರೋದು ಬೇಡ."

ಮಗಳು ಬಂದು ಅವರ ಮಡಿಲಿಗೆ ಒರಗಿದಳು. ಅವಳ ಅಂಗಿಯ ಕತ್ತಿನ ಬಳಿ ಸಡಿಲಾಗಿದ್ದ ದಾರವನ್ನು ದೊಡ್ಡಮ್ಮ ಹಲ್ಲಿನಿಂದ ಕಚ್ಚಿ ತುಂಡರಿಸಿದರು. ಆಮೇಲೆ ನನ್ನತ್ತ ನೋಡದೆಯೇ ಹೇಳಿದರು:

"ನಿನ್ನಿಂದ ಒಂದು ಉಪಕಾರ ಆಗ್ಬೇಕು. ಅಲ್ಲಿಯ ಮ್ಯಾನೇಜರು, ನಿಮ್ಮನ್ನ ಬಲ್ಲೋರು ಯಾರಾದ್ರೂ ಇದ್ದಾರಾ ಅಂದ. ನಿನ್ನ ನಂಬರು ಕೊಟ್ಟು ಬಂದಿದ್ದೀನಿ. ಇವತ್ತೋ ನಾಳೆಯೋ ಫೋನು ಬರುತ್ತೆ. ಗುಂಡಿ ಅಂಗಡೀಲಿ ಕೆಲಸಕ್ಕಿದ್ದರು, ಕೈ ಶುದ್ಧ ಅಂತ ಹೇಳು. ಅಂಗಡಿ ಅವರದೇ ಆಗಿತ್ತು ಅಂತ ಮಾತ್ರ ಬಾಯಿ ತಪ್ಪಿ ಕೂಡ ಹೇಳ್ಬೇಡ ಕಣಮ್ಮಾ. ಯಜಮಾನಿಕೆ ಮಾಡಿದೋರನ್ನ ಯಾರೂ ಕೆಲಸಕ್ಕೆ ಇಟ್ಕೊಳಲ್ಲ."